ಅಳಿಸುವ ಮುನ್ನ

ಜೂನ್ 8, ಭಾನುವಾರ

ಸರ್ಕಾರದವರು ಕೊಡುತ್ತೇವೆ ಅಂದದ್ದು: ಕಾಲೋನಿಯ ಸಮುದಾಯ ಭವನದ ಬೀಗದ ಕೈ. ಭವನಕ್ಕೆ ಕರೆಂಟು. ಕಂಪ್ಯೂಟರು. ಕಲಿಸಲು ಮೇಷ್ಟ್ರು. ಮನೆಮನೆಗೆ ಹಕ್ಕುಪತ್ರ.

ಕೊಟ್ಟದ್ದು: ಕಂಪ್ಯೂಟರು. ಅವೂ ಯಾವುದೋ ಕಂಪನಿ ಬಿಸಾಕಿದವು. ಸ್ವಿಚ್ ಹಾಕಿದರೆ ಪಾಸ್‌ವರ್ಡ್ ಕೇಳುತ್ತವೆ, ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಕೊಟ್ಟವರು ಫೋಟೋ ಹೊಡೆಸಿಕೊಂಡು ಕಾರು ಹತ್ತಿದರು.

ಬೀಗದ ಕೈ ಕೊಡಲಿಲ್ಲ. ಅದು ಲಕ್ಕಣ್ಣನ ಮನೆಯ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದೆ. ಅಬ್ಬಿಗೆರೆ ಹಳ್ಳಿಯಾಗಿದ್ದಾಗ ಹೊಲವೆಲ್ಲ ಅವನದು, ಈಗ ಅಪಾರ್ಟ್‌ಮೆಂಟೆಲ್ಲ ಅವನದು. ಭವನ ಸರ್ಕಾರದ್ದು, ಬೀಗ ಅವನದು, ಒಳಗಿದ್ದ ಸಿಮೆಂಟ್ ಮೂಟೆಗಳೂ ಅವನವು.

ಇವತ್ತು ಬೆಳಿಗ್ಗೆ ಕಬ್ಬಿಣದ ರಾಡು ತೂರಿಸಿ ಬೀಗ ಮೀಟಿದೆವು. ನಮ್ಮ ಕಾಲೋನಿ ಸಂಘದ ಹೆಂಗಸರು ಮೂಟೆಗಳನ್ನು ಹೊತ್ತು ಲಕ್ಕಣ್ಣನ ಗೇಟಿನ ಮುಂದೆ ಸಾಲಾಗಿ ಇಳಿಸಿದರು. ಒಂದು ಮೂಟೆಯೂ ಹರಿಯದಂತೆ ನೋಡಿಕೊಂಡೆವು. ರಾಡನ್ನು ಭವನದ ಬಾಗಿಲಿಗೆ ಅಗುಳಿಯಾಗಿ ಹಾಕಿದ್ದೇವೆ. ಕರೆಂಟಿಗೆ ಕಂಬದಿಂದ ತಂತಿ ನಾವೇ ಎಳೆದುಕೊಂಡೆವು.

ಮುದಸ್ಸಿರ್ ಬಂದ. ಆರ್.ಟಿ. ನಗರದಲ್ಲಿ ಅವನದು ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ಭಾನುವಾರ ಶಟರ್ ಎಳೆದು, ಜೇಬು ತುಂಬ ಪೆನ್‌ಡ್ರೈವ್ ಹಾಕಿಕೊಂಡು ಬರುತ್ತಾನೆ. ಅದರೊಳಗೆ ಲಿನಕ್ಸ್, ಕಂಪ್ಯೂಟರನ್ನು ನಡೆಸುವ ತಂತ್ರಾಂಶ. ಯಾರಪ್ಪನ ಸೊತ್ತೂ ಅಲ್ಲ. ಯಾರು ಬೇಕಾದರೂ ಹಾಕಿಕೊಳ್ಳಬಹುದು, ಬಿಚ್ಚಿ ನೋಡಬಹುದು, ಪಕ್ಕದವರಿಗೆ ಕೊಡಬಹುದು. ಅದಕ್ಕೆ ದಣಿ ಇಲ್ಲ.

ಮುದಸ್ಸಿರನ ಶಿಬಿರಕ್ಕೆ ಎರಡೇ ನಿಯಮ. ಕಲಿಸುವವರು ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲಬೇಕು, ಬಾಯಲ್ಲಿ ಹೇಳಬೇಕು, ಮೌಸ್ ಮುಟ್ಟಬಾರದು. ಹಳೆಯದನ್ನು ತೆಗೆದು ಹೊಸದು ಹಾಕುವ ಮುಂಚೆ ಕೇಳಬೇಕು: ಒಳಗೆ ಏನಿದೆ, ನಕಲು ಇದೆಯಾ?

ಮೊದಲು ಕೂತವಳು ಬೈರಮ್ಮ. ಯಶವಂತಪುರದ ಯಾರ್ಡಿನಲ್ಲಿ ಈರುಳ್ಳಿ ಆರಿಸುತ್ತಾಳೆ. ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ. ನಾನು, ಮುದಸ್ಸಿರ್ ಇಬ್ಬರೂ ಕೈ ಹಿಂದಿಟ್ಟು ನಿಂತದ್ದು ನೋಡಿ ನಕ್ಕಳು.

"ನಮ್ಮ ಮಾವ ಚಿಕ್ಕಮಾರಯ್ಯ ಲಕ್ಕಣ್ಣನ ಅಪ್ಪನ ಮುಂದೆ ಇಂಗೇ ನಿಂತ್ಕತಿದ್ದ ಕಣವ್ವ. ಅವ್ನು ಕೈ ಮುಂದಕ್ ಕಟ್ತಿದ್ದ, ನೀವ್ ಹಿಂದಕ್ ಕಟ್ಟಿದ್ದೀರ. ನಿಂತ್ಕಳಿ, ನಿಂತ್ಕಳಿ, ಚೆಂದಾಗೈತೆ."

ತೆರೆಯ ಮೇಲೆ ಕನ್ನಡ ಬಂತು. ಬೆರಳಿಟ್ಟು ಓದಿದಳು. "ಡಿಸ್ಕನ್ನು... ಅಳಿಸಿ. ಅಯ್ಯೋ, ಅದನ್ಯಾಕ್ ಅಳಿಸ್ಬೇಕು? ಏನ್ ಮಾಡ್ತು ಪಾಪದ್ದು?"

"ಒರೆಸೋದು ಅಂತ ದೊಡ್ಡಮ್ಮಾ," ಅಂದ ಮುದಸ್ಸಿರ್.

"ಅಂಗಾರೆ ಒರ್ಸಿ ಅಂತ ಬರೀಬಾರ್ದಾ? ಅಳಿಸೋದು ಅಂದ್ರೇನು ಅಂತ ನಂಗ್ ಏಳ್ಕೊಡ್ತೀರಾ? ದಿನಾ ಈರುಳ್ಳಿ ಮುಂದೆ ಕೂತಿರೋಳು ನಾನು."

ಭವನವೆಲ್ಲ ನಕ್ಕಿತು. ಪಾಸ್‌ವರ್ಡ್ ಬರೆಯುವ ಜಾಗ ಬಂದಾಗ ನಾವಿಬ್ಬರೂ ಗೋಡೆಗೆ ಮುಖ ಮಾಡಿ ನಿಂತೆವು. ಬೈರಮ್ಮ ಒಂದೊಂದೇ ಅಕ್ಷರ ಒತ್ತಿದಳು. ಅವಳಿಗಷ್ಟೇ ಗೊತ್ತಿರುವ ಒಂದು ಮಾತು. ಲಕ್ಕಣ್ಣನ ಮಗ ಅಶ್ವತ್ಥನಿಗೆ ಗೊತ್ತಿಲ್ಲದ್ದು.

ಅದಕ್ಕೇ ಇದೆಲ್ಲ. ಕಳೆದ ಮಳೆಗಾಲ ರಾಜಕಾಲುವೆ ಉಕ್ಕಿ ಕಾಲೋನಿಯ ಟ್ರಂಕುಗಳೊಳಗೆ ನೀರು ನುಗ್ಗಿ ಕಾಗದವೆಲ್ಲ ಮುದ್ದೆಯಾಯಿತು. ಹಳೆಯ ಕಂದಾಯ ರಸೀದಿ, ಸತ್ತ ಹಿರಿಯರ ವೋಟರ್ ಚೀಟಿ, ನಾವು ಇಲ್ಲಿಯವರು ಎಂದು ತೋರಿಸುವ ಎಲ್ಲದರ ನಕಲು ಈಗ ಇರುವುದು ಒಂದೇ ಕಡೆ, ಅಶ್ವತ್ಥನ ಆನ್‌ಲೈನ್ ಸೆಂಟರಿನ ಕಂಪ್ಯೂಟರಿನಲ್ಲಿ. ಮುಂಚೆ ಯಾವುದೋ ಅರ್ಜಿಗೆಂದು ಅವನು ಸ್ಕ್ಯಾನ್ ಮಾಡಿಟ್ಟಿದ್ದು. ಹಕ್ಕುಪತ್ರದ ಅರ್ಜಿಗೆ ಜುಲೈ ಕೊನೆಯವರೆಗೆ ಸಮಯವಿದೆ. ಆ ನಕಲು ಬೇಕು. ಸಿಕ್ಕರೆ ನಮ್ಮ ಅರ್ಜಿ ನಾವೇ ಹಾಕುತ್ತೇವೆ, ನಮ್ಮ ಮೆಷಿನ್ನಿನಲ್ಲಿ. ಸಿಗದಿದ್ದರೆ ಕಾಲೋನಿಯ ಜಾಗ ಲಕ್ಕಣ್ಣನ ಹೊಸ ಅಪಾರ್ಟ್‌ಮೆಂಟಿಗೆ ಪಾರ್ಕಿಂಗು.

ಜೂನ್ 11, ಬುಧವಾರ

ಕೆಲಸ ಮುಗಿಸಿ ಪ್ರೆಸ್ಸಿನಿಂದ ನೇರ ಅಶ್ವತ್ಥನ ಅಂಗಡಿಗೆ ಹೋದೆ. ಬೈರಮ್ಮನೂ ಬಂದಳು. ಪೆನ್‌ಡ್ರೈವ್ ಮೇಜಿನ ಮೇಲಿಟ್ಟೆ.

"ಏನ್ ಧನಲಕ್ಷ್ಮಿ, ಡಿಟಿಪಿ ಬಿಟ್ಟು ಬೀಗ ಒಡೆಯೋ ಲೈನಿಗೆ ಇಳ್ದಿದ್ದೀರಂತೆ?"

"ಕಾಗದದ ನಕಲು ಕೊಡಿ. ನಮ್ಮದು ನಮಗೆ."

"ಸರ್ವರ್ ಡೌನ್ ಕಣ್ರೀ."

"ನಿಮ್ಮ ಮುಂದಿರೋ ಡಬ್ಬದಲ್ಲಿರೋದಕ್ಕೆ ಯಾವ ಸರ್ವರ್ರು?"

ಅಂಗಡಿ ನೋಡಿಕೊಳ್ಳುವ ಹುಡುಗಿ ರಾಧಾಮಣಿ ತಲೆ ತಗ್ಗಿಸಿ ನಕ್ಕಳು. ಅವನು ಕಂಡ. ಅವಳ ನಗು ಅಲ್ಲೇ ಸತ್ತಿತು.

"ನೋಡಿ, ನೇರ ಹೇಳ್ತೀನಿ. ಭವನ ಖಾಲಿ ಮಾಡಿ, ಬೀಗ ಅಪ್ಪನ ಕೈಗೆ ಕೊಡಿ. ಅವತ್ತೇ ಎಲ್ಲಾರ ಕಾಗದಾನೂ ಪ್ರಿಂಟ್ ಹೊಡೆದು ಮನೆಗೆ ಕಳಿಸ್ತೀನಿ. ನೀವು ಕಂಪ್ಯೂಟರ್ ಕಲಿತು ಏನ್ ಮಾಡ್ಬೇಕು? ಈ ಮುದುಕಿ ಈರುಳ್ಳಿನ ಮೌಸಲ್ಲಿ ಆರಿಸ್ತಾಳಾ?"

ಬೈರಮ್ಮ ಅಂದಳು, "ಆರಿಸ್ತೀನಿ ಕಣಪ್ಪ. ಕೊಳೆತಿದ್ದು ಯಾವ್ದು ಅಂತ ಮೂಸಿದ್ರೇ ಗೊತ್ತಾಯ್ತದೆ ನಂಗೆ."

 ದಾರಿಯುದ್ದಕ್ಕೂ ಅಶ್ವತ್ಥನ ಕುತ್ತಿಗೆ ಎಷ್ಟು ದಪ್ಪ ಇದೆ ಎಂದು ಯೋಚಿಸಿಕೊಂಡು ನಡೆದೆ.

ಜೂನ್ 15, ಭಾನುವಾರ

ಕಂಬದಿಂದ ಭವನದ ತಂತಿ ಕತ್ತರಿಸಿದ್ದಾರೆ. ಪಕ್ಕದ ಮನೆಯಿಂದ ವೈರು ಎಳೆದೆವು. ಹನ್ನೊಂದಕ್ಕೆ ಕಿಟಕಿಗೆ ಕಲ್ಲು. ಗಾಜು ಸಿಡಿದು ಒಬ್ಬ ಮುದುಕನ ಹಣೆ ಸೀಳಿತು. ಬೈಕಿನಲ್ಲಿ ಬಂದವರು ನಮ್ಮ ಜಾತಿ ಹಿಡಿದು ಕೂಗಿಕೊಂಡು ಹೋದರು. ರಕ್ತ ಒರೆಸಿ ಶಿಬಿರ ಮುಂದುವರಿಸಿದೆವು.

ಸಮಯ ಎಲ್ಲಿದೆ? ಬೈರಮ್ಮ ಪಕ್ಕದವಳಿಗೆ ಹೇಳಿಕೊಡುತ್ತ ಕೂತಿದ್ದಳು. ಕೈ ಹಿಂದಕ್ಕೆ ಕಟ್ಟಿ, "ಒಳಗೆ ಏನೈತವ್ವ? ಫೋಟೋ ಗೀಟೋ ಐತಾ? ನಕಲು ಐತಾ?" ಎಂದು ಕಂತೆ ಪುರಾಣ. ಆ ಹೆಂಗಸು ತೆರೆಯ ಮೇಲಿನ ಬಾಣವನ್ನು ಗುಂಡಿಯ ಮೇಲೆ ತರಲಾರದೆ ಮೌಸನ್ನು ಮೇಜಿನ ಅಂಚಿನಿಂದ ಕೆಳಗೆ ಬೀಳಿಸಿದಳು. ನಾನು ಕಿತ್ತುಕೊಂಡು ಒತ್ತಿಬಿಟ್ಟೆ. ಒಂದೇ ಸಲಕ್ಕೆ ಆಯಿತು.

ಮುದಸ್ಸಿರ್, "ಅಕ್ಕಾ, ಕೈ," ಅಂದ.

"ಕಲ್ಲು ಬೀಳ್ತಿದೆ, ನಿನಗೆ ಕೈ," ಅಂದೆ.

ರಾಡನ್ನು ಬಾಗಿಲಿನಿಂದ ತೆಗೆದು ನನ್ನ ಕುರ್ಚಿಯ ಪಕ್ಕ ಇಟ್ಟುಕೊಂಡಿದ್ದೇನೆ.

ಜೂನ್ 22, ಭಾನುವಾರ

ಉಳಿದ ಮೆಷಿನ್‌ಗಳಿಗೆಲ್ಲ ನಾನೇ ಹಾಕಿ ಮುಗಿಸಿದೆ. ಯಾರನ್ನೂ ಕೂರಿಸಲಿಲ್ಲ. ಕಲಿಯುವುದು ಆಮೇಲಾದರೂ ಆದೀತು, ಯುದ್ಧ ಕಾಯುವುದಿಲ್ಲ. ಎಲ್ಲಕ್ಕೂ ಒಂದೇ ಪಾಸ್‌ವರ್ಡ್, ಅದು ನನ್ನ ತಲೆಯಲ್ಲಿದೆ. ಬೈರಮ್ಮನ ಮೆಷಿನ್ನಿನದೂ ಬದಲಿಸಿದೆ. ನಾಳೆ ಪೊಲೀಸರು ಬಂದು ಬೆದರಿಸಿದರೆ ಇವರೆಲ್ಲ ಬಾಯಿ ಬಿಡುತ್ತಾರೆ.

ಬೈರಮ್ಮ ತನ್ನ ಮೆಷಿನ್ನಿನ ಮುಂದೆ ಸುಮ್ಮನೆ ಕೂತಿದ್ದಳು.

"ನಾನ್ ಆಕಿದ್ದ ಮಾತು ಒಳಕ್ಕೆ ಬಿಡ್ತಿಲ್ಲ ಕಣೆ ದನಾ."

"ನಿಮ್ಮ ಒಳ್ಳೇದಕ್ಕೇ ದೊಡ್ಡವ್ವ. ಬೇಕಾದಾಗ ನನ್ನ ಕೇಳಿ, ನಾನು ತೆಗೆದುಕೊಡ್ತೀನಿ."

"ಅಶ್ವತ್ಥಪ್ಪನೂ ಇಂಗೇ ಅಂದಿದ್ದ."

ಮುದುಕಿಗೆ ಎಲ್ಲದಕ್ಕೂ ಒಂದು ಕೊಂಕು. ಅವನಿಗೂ ನನಗೂ ಅಜಗಜಾಂತರ ಅನ್ನುವುದೂ ಕಾಣುವುದಿಲ್ಲ.

ಜೂನ್ 29, ಭಾನುವಾರ

ಹೊಡೆದರು.

ಬೆಳಿಗ್ಗೆ ಹತ್ತೂವರೆ. ಎರಡು ಟೆಂಪೋ. ಕ್ರಿಕೆಟ್ ಬ್ಯಾಟು, ಪೈಪು, ಸೆಂಟ್ರಿಂಗ್ ಹಲಗೆ. ಮುಂದೆ ಅಶ್ವತ್ಥ, ಬಿಳಿ ಅಂಗಿ, ಕೈಯಲ್ಲಿ ಏನೂ ಇಲ್ಲ. ಬೆರಳು ತೋರಿಸುತ್ತಿದ್ದ, ಅಷ್ಟೇ. ಅವನು ತೋರಿಸಿದ ಕಡೆಗೆಲ್ಲ ಬ್ಯಾಟು ಹೋಗುತ್ತಿತ್ತು. ಮಾನಿಟರುಗಳು ಒಂದರ ಹಿಂದೆ ಒಂದು ಸಿಡಿದವು. ಬಾಬಾಸಾಹೇಬರ ಪಟವನ್ನು ಕೆಳಗೆ ಹಾಕಿ ಗಾಜಿನ ಮೇಲೆ ಒಬ್ಬ ಬೂಟು ತಿರುವಿದ. ಹೆಂಗಸರ ಜಡೆ ಹಿಡಿದು ಮೆಟ್ಟಿಲಿನವರೆಗೆ ಎಳೆದರು. ನನ್ನ ಬೆನ್ನಿಗೆ ಪೈಪು ಬಿತ್ತು, ಎರಡನೆಯ ಸಲ ಮೊಣಕೈಗೆ. ಬೈರಮ್ಮ ಒಂದು ಮೆಷಿನ್ನನ್ನು ಸೆರಗಿನೊಳಗೆ ಅವುಚಿ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಅವಳ ಬೆನ್ನಿಗೆ ಒದ್ದರು. ಅವಳು ಕೈ ಬಿಡಲಿಲ್ಲ.

ಮುದಸ್ಸಿರನನ್ನು ಮೇಜಿಗೆ ಒತ್ತಿ ಹಿಡಿದರು. "ಇವನೇನಾ ಕಲಿಸೋನು? ಎಲ್ಲಿಂದ್ಲೋ ಬಂದು ನಮ್ಮೂರ ಕೆಡಿಸೋನು?" ಅವನ ಎರಡೂ ಅಂಗೈಯನ್ನು ಕೀಬೋರ್ಡಿನ ಮೇಲೆ ಚಾಚಿಸಿದರು. ಅಶ್ವತ್ಥ ಬೆರಳು ತೋರಿಸಿದ. ಒಬ್ಬ ಸಿಪಿಯು ಡಬ್ಬವನ್ನು ತಲೆಯೆತ್ತರಕ್ಕೆ ಎತ್ತಿ ಹಾಕಿದ. ಮತ್ತೆ ಎತ್ತಿದ. ಮತ್ತೆ ಹಾಕಿದ. ಮೂಳೆ ಮುರಿಯುವ ಸದ್ದು ಯಾವುದು, ಕೀ ಮುರಿಯುವ ಸದ್ದು ಯಾವುದು ತಿಳಿಯಲಿಲ್ಲ. ಕೀಗಳು ರಕ್ತದಲ್ಲಿ ತೇಲಿ ನೆಲಕ್ಕೆ ಉದುರಿದವು.

ಮುದಸ್ಸಿರನನ್ನು ಆಸ್ಪತ್ರೆಗೆ ಕರೆದೊಯ್ದೆವು. ಆಟೋದಲ್ಲಿ ನನ್ನ ಭುಜಕ್ಕೆ ಒರಗಿ ಒಂದೇ ಮಾತು ಅಂದ: "ಪೆನ್‌ಡ್ರೈವ್ ಎಲ್ಲಾ ಇದ್ಯಾ ಅಕ್ಕಾ?"

ಇದೆ ಅಂದೆ. ನನ್ನ ಚೀಲದಲ್ಲಿತ್ತು.

ಜುಲೈ 1, ಮಂಗಳವಾರ

ಆಸ್ಪತ್ರೆ. ಮುದಸ್ಸಿರನ ಎರಡೂ ಕೈಗೆ ಪ್ಲೇಟು ಹಾಕಿದ್ದಾರೆ. ಬೆರಳು ಮೊದಲಿನಂತೆ ಆಡುವುದು ಅನುಮಾನ ಅಂದರು.

ಸ್ಟೇಷನ್. ಅಶ್ವತ್ಥನ ಹೆಸರು ಹೇಳಿದೆ. "ಅಪರಿಚಿತರು" ಎಂದು ಬರೆದುಕೊಂಡರು. ಮತ್ತೆ ಹೇಳಿದೆ. "ಅಮ್ಮಾ, ಮೊದಲು ಬೀಗ ಒಡೆದೋರ್ಯಾರು?" ಎಂದು ಕೇಳಿದರು. ಇನ್ನೊಮ್ಮೆ ಹೇಳಿದೆ. ಟೀ ಕುಡಿಯಲು ಎದ್ದು ಹೋದರು.

ಧರಣಿ ಕೂರೋಣ, ಮೇಲಿನವರಿಗೆ ದೂರು ಕೊಡೋಣ ಎಂದು ಸಂಘದವರು. ಬೈರಮ್ಮನೂ ಅದನ್ನೇ ಅಂದಳು. ನನಗೆ ಅವರ ತುಟಿ ಅಲುಗುವುದು ಕಾಣಿಸಿತು, ಮಾತು ಕೇಳಿಸಲಿಲ್ಲ.

ಜುಲೈ 3, ಗುರುವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ. ತುಟಿ ಹೊಲಿದಿದ್ದಾರೆ. ಕೈ ಸರಿಯಿದೆ.

ಮಧ್ಯಾಹ್ನ ಅಶ್ವತ್ಥ ಊಟಕ್ಕೆ ಹೋಗುವ ಹೊತ್ತು ನೋಡಿಕೊಂಡು ಅವನ ಅಂಗಡಿಗೆ ಹೋದೆ. ಒಂದು ಕೈಯಲ್ಲಿ ಚೀಲ, ಒಂದು ಕೈಯಲ್ಲಿ ರಾಡು. ಒಳಗೆ ರಾಧಾಮಣಿ ಒಬ್ಬಳೇ.

"ಅಕ್ಕಾ, ಬೇಡ ಅಕ್ಕಾ. ಇದ್ರಲ್ಲಿ..."

ಅವಳ ಮಾತು ಮುಗಿಯಲು ಬಿಡಲಿಲ್ಲ. ರಟ್ಟೆ ಹಿಡಿದು ಎಳೆದು ಹೊರಗೆ ನೂಕಿದೆ. ಬಳೆ ಒಡೆದು ಅವಳ ಮಣಿಕಟ್ಟು ಕುಯ್ದಿತು. ಅವನ ಸಂಬಳ ತಿನ್ನುವವಳು, ಅಷ್ಟಾದರೂ ಆಗಲಿ. ಶಟರ್ ಎಳೆದೆ. ಅವಳು ಹೊರಗಿನಿಂದ ಬಡಿಯುತ್ತಲೇ ಇದ್ದಳು.

ಮೂರು ಮೆಷಿನ್. ಮೂರಕ್ಕೂ ಮುದಸ್ಸಿರನ ಪೆನ್‌ಡ್ರೈವ್ ಚುಚ್ಚಿದೆ. ತೆರೆಯ ಮೇಲೆ ಕನ್ನಡ ಬಂತು. ಡಿಸ್ಕನ್ನು ಅಳಿಸಿ. ಒತ್ತಿದೆ. ಅಳಿಸಿ. ಒತ್ತಿದೆ. ಅವನು ಬೆರಳು ತೋರಿಸಿದ ಹಾಗೆ ನಾನೂ ಒಂದೇ ಬೆರಳಿನಲ್ಲಿ ಒತ್ತಿದೆ. ಅಳಿಸಿದಷ್ಟೂ ತೆರೆಯ ಮೇಲಿನ ಪಟ್ಟಿ ತುಂಬುತ್ತ ಹೋಗುವುದನ್ನು ನೋಡುತ್ತ ನಿಂತಾಗ ಇಷ್ಟು ದಿನಗಳಲ್ಲಿ ಮೊದಲ ಸಲ ಹೊಟ್ಟೆ ತಣ್ಣಗಾಯಿತು.

ಅವನ ದೊಡ್ಡ ಮೆಷಿನ್ನಿನದು ಕಾಲುಭಾಗ ತುಂಬುವ ಹೊತ್ತಿಗೆ ಶಟರ್ ಮೇಲೆದ್ದಿತು. ಅಶ್ವತ್ಥ ಬಂದವನೇ ಮೀಟರಿನ ಮೇನ್ ಸ್ವಿಚ್ಚು ಇಳಿಸಿದ. ಎಲ್ಲ ಆರಿತು. ರಾಡು ಬೀಸಿದೆ. ಅವನ ಹೆಗಲಿಗೆ ಬಿತ್ತು, ಮೂಳೆಗೆ ತಾಗಿದ್ದು ನನ್ನ ಅಂಗೈಗೆ ಗೊತ್ತಾಯಿತು. ಮತ್ತೆ ಬೀಸಿದೆ. ಆಮೇಲೆ ಅವನ ಕಡೆಯವರು ಬಂದರು. ನನ್ನ ಮುಖವನ್ನು ಶಟರಿನ ಅಂಚಿಗೆ ಹೊಡೆದರು. ನಾನು ನಗುತ್ತಿದ್ದೆ ಎಂದು ಆಮೇಲೆ ಯಾರೋ ಹೇಳಿದರು.

ಅವನು ಕೊಟ್ಟ ಕಂಪ್ಲೇಂಟು ಒಂದೇ ಗಂಟೆಯಲ್ಲಿ ಕೇಸಾಯಿತು. ನನ್ನ ಹೆಸರು, ಅಪ್ಪನ ಹೆಸರು, ಜಾತಿ, ಎಲ್ಲ ಸರಿಯಾಗಿ ಬರೆದುಕೊಂಡರು. ರಾಡಿಗೆ ಚೀಟಿ ಅಂಟಿಸಿ ಇಟ್ಟುಕೊಂಡರು. ಸಂಘದವರು ಜಾಮೀನು ಕೊಡಿಸಿ ಬಿಡಿಸಿಕೊಂಡು ಬಂದರು.

ಮುಟ್ಟಿದರೆ ಏನಾಗುತ್ತದೆ ಎಂದು ಅವರಿಗೂ ಗೊತ್ತಾಯಿತು. ಗೆದ್ದೆ.

ಜುಲೈ 4, ಶುಕ್ರವಾರ

ಬೈರಮ್ಮ ಬಂದಳು. ಹಿಂದೆ ಕಾಲೋನಿಯ ಅರ್ಧ ಹೆಂಗಸರು. ಮಾಲೆ ತರಲಿಲ್ಲ.

"ಅಶ್ವತ್ಥನ ದೊಡ್ಡ ಮಿಸನ್ನೂ ಅಳಿಸಿದ್ಯಾ?"

"ಮೂರನ್ನೂ."

"ಅದ್ರಾಗೆ ನಮ್ ಕಾಗ್ದ ಇದ್ವಲ್ಲೇ."

ನಾನು ಬಾಯಿ ತೆರೆದೆ. ಅವಳು ಹೊಡೆದಳು. ಹೊಲಿದ ತುಟಿಯ ಮೇಲೇ. ಈರುಳ್ಳಿ ವಾಸನೆಯ ಕೈ.

"ಕೇಳಿದ್ಯಾ? ಒಳಗೆ ಏನೈತೆ, ನಕಲು ಐತಾ ಅಂತ ಒಂದ್ ಮಾತು ಕೇಳಿದ್ಯಾ? ರಾಧಾಮಣಿ ಶಟರ್ ಬಡ್ಕಂಡು ಅದನ್ನೇ ಕೂಗ್ತಿದ್ಲಂತೆ, ಕಾಲೋನಿ ಕಾಗ್ದ ಅವೆ ಅಕ್ಕಾ, ಕಾಲೋನಿ ಕಾಗ್ದ ಅವೆ ಅಂತ. ಅಳಿಸ್ದೆ ಕಣೇ. ಎಲ್ರುನ್ನೂ ಅಳಿಸ್ಬಿಟ್ಟೆ."

ಹೊರಗೆ ನಿಂತ ಹೆಂಗಸರು ನಿಜಕ್ಕೂ ಅಳುತ್ತಿದ್ದರು.

ಹೋರಾಟದಲ್ಲಿ ಇಂಥದ್ದು ಆಗುತ್ತದೆ. ಇವರಿಗೆ ತಿಳಿಯುವುದಿಲ್ಲ.

ಜುಲೈ 6, ಭಾನುವಾರ

ಯಾರೂ ಕರೆಯಲಿಲ್ಲ. ಭವನದ ಕಡೆಯಿಂದ ಗುಡಿಸುವ ಸದ್ದು, ಗಾಜು ಬಾಚುವ ಸದ್ದು ಬರುತ್ತಿತ್ತು.

ಜುಲೈ 7, ಸೋಮವಾರ

ಆಸ್ಪತ್ರೆಗೆ ಹೋದೆ. ಮುದಸ್ಸಿರ್ ಎರಡೂ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಮಲಗಿದ್ದ. ಅವನ ತಂಗಿ ಗಜಾಲಾ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ನಿನ್ನ ಸೇಡು ತೀರಿಸಿದೆ ಅಂದೆ, ನಡೆದದ್ದೆಲ್ಲ ಹೇಳಿದೆ.

"ನನ್ನ ಪೆನ್‌ಡ್ರೈವಿಂದಾನಾ?" ಅಂದ. ಚಮಚ ಬೇಡವೆಂದು ಮುಖ ತಿರುಗಿಸಿದ. ಆಮೇಲೆ ಕೇಳಿದ, "ಮೇನ್ ಇಳಿಸಿದಾಗ ಎಷ್ಟಾಗಿತ್ತು?"

"ಕಾಲುಭಾಗ."

"ಆಮೇಲೆ ಯಾರಾದ್ರೂ ಆನ್ ಮಾಡಿದ್ರಾ?"

"ಇಲ್ಲ. ಕೆಟ್ಟು ಹೋಯ್ತು ಅಂತ ಮೂಲೆಗೆ ಹಾಕಿದ್ದಾನಂತೆ."

"ಮಾಡ್ಬಾರ್ದು. ಅಳಿಸಿದ್ದು ತಕ್ಷಣ ಹೋಗಲ್ಲ ಅಕ್ಕಾ. ಮೇಲೆ ಬೇರೆದು ಬರೆದಷ್ಟು ಮಾತ್ರ ಹೋಗುತ್ತೆ. ಬರೆಯದೆ ಉಳಿದ ಕಡೆ ಹಳೇದು ಬಿದ್ದಿರುತ್ತೆ. ಎತ್ತಬಹುದು. ಎಲ್ಲಾ ಅಲ್ಲ."

ಅಂದರೆ ಕಾಗದ ಉಳಿಸಿದ್ದು ಅಶ್ವತ್ಥ ಇಳಿಸಿದ ಮೇನ್ ಸ್ವಿಚ್ಚು. ಇದನ್ನು ಬರೆಯುವುದಕ್ಕೂ ಮೈ ಉರಿಯುತ್ತದೆ.

ಗಜಾಲಾ ನನ್ನ ಕಡೆ ನೋಡಲೇ ಇಲ್ಲ.

ಜುಲೈ 9, ಬುಧವಾರ

ಮುದಸ್ಸಿರ್ ಅಂದದ್ದನ್ನು ಬೈರಮ್ಮನಿಗೆ ಹೇಳಿದ್ದೆ, ಸುದ್ದಿ ಊರೆಲ್ಲ ಹಬ್ಬಿತ್ತು. ಇವತ್ತು ಭವನದ ಮುಂದೆ ಕಾರು ನಿಂತಿತು. ಲಕ್ಕಣ್ಣ ಇಳಿದ. ಹಿಂದೆ ಅಶ್ವತ್ಥ, ತೋಳು ಜೋಳಿಗೆಯಲ್ಲಿ. ಕಾಲೋನಿ ಗಂಡಸರು ಕಲ್ಲು ಆರಿಸಿಕೊಂಡರು. ನಾನೂ ಒಂದು ಎತ್ತಿಕೊಂಡೆ. ಬೈರಮ್ಮ ಮೆಟ್ಟಿಲ ಮೇಲೆ ಕೂತಿದ್ದಳು, ಏಳಲಿಲ್ಲ.

"ಏನಮ್ಮಾ ಬೈರಿ," ಅಂದ ಲಕ್ಕಣ್ಣ.

"ಬೈರಮ್ಮ."

ಮುದುಕ ಮೆಟ್ಟಿಲ ಹತ್ತಿರ ಬಂದ. "ನಮ್ಮ ಜಮೀನಿಂದು, ಬ್ಯಾಂಕಿಂದು, ಎಲ್ಲಾ ಆ ಮೆಷಿನ್ನಲ್ಲೇ ಇತ್ತು. ಆ ಸಾಬರ ಹುಡುಗ ತೆಕ್ಕೊಡ್ತಾನಂತಲ್ಲ?"

"ಕೈಯೆಲ್ಲೈತೆ ಅವ್ನಿಗೆ?"

 ಅಶ್ವತ್ಥ ನೆಲ ನೋಡಿದ.

"ಮಿಸನ್ನು ಇಲ್ಲಿಗೆ ತನ್ನಿ," ಅಂದಳು ಬೈರಮ್ಮ. "ನಿಮ್ ಅಂಗ್ಡೀಲಿ ಅಲ್ಲ, ಇಲ್ಲಿ. ಆ ಹುಡ್ಗ ಬಾಯಲ್ಲಿ ಏಳ್ತಾನೆ, ನಾನ್ ಒತ್ತೀನಿ. ಮೊದ್ಲು ಎತ್ತೋದು ಕಾಲೋನಿ ಕಾಗ್ದ, ಮನೆಮನೆಗೂ ಒಂದೊಂದು ನಕಲು. ಆಮೇಲೆ ನಿಮ್ದು. ಕೇಸ್ ವಾಪ್ಸು ತಗಳಿ ಅಂತ ಯಾರೂ ಬಾಯ್ ಬಿಡಂಗಿಲ್ಲ. ನಿನ್ ಮಗ ಸ್ಟೇಷನ್‌ಗೋಗಿ ಅವನ ಹೆಸ್ರು ಅವನೇ ಬರೆಸ್ಬೇಕು, ನಾಳೇನೇ."

"ಅದ್ಯಾಕಾಗುತ್ತೆ ಕಣಮ್ಮಾ," ಎಂದ ಲಕ್ಕಣ್ಣ.

"ಆಗ್ದಿದ್ರೆ ಬಿಡಿ. ನಮ್ ಕಾಗ್ದದ್ ಜೊತೆ ನಿಮ್ದೂ ಓಗ್ಲಿ. ನಮ್ಗೆ ನೀರಲ್ಲಿ ಓಗಿ ಅಭ್ಯಾಸ ಐತೆ."

ನಾನು ಕಲ್ಲು ಎತ್ತಿದೆ. ಇಂಥ ಹೊತ್ತಿನಲ್ಲಿ ಮಾತೇಕೆ? ಬೈರಮ್ಮ ತಿರುಗಿ ನೋಡದೆಯೇ ಅಂದಳು, "ದನಾ, ಕೈ."

ಕಲ್ಲು ಭಾರವಾಗಿತ್ತು. ಕೆಳಗಿಟ್ಟೆ.

ಜುಲೈ 11, ಶುಕ್ರವಾರ

ನಿನ್ನೆ ಸ್ಟೇಷನ್ನಿನಲ್ಲಿ "ಅಪರಿಚಿತರು" ಎಂಬುದನ್ನು ಹೊಡೆದು ಹೆಸರು ಬರೆದಿದ್ದಾರೆ. ಅಶ್ವತ್ಥನ ಹೆಸರು ಮೊದಲು. ಅವನು ಸಹಿ ಹಾಕುವಾಗ ಸಂಘದ ಹೆಂಗಸರು ಹೊರಗೆ ಬಿಸಿಲಲ್ಲಿ ಕೂತಿದ್ದರು. ನನ್ನ ಮೇಲಿನ ಕೇಸೂ ಹಾಗೇ ಇದೆ. ಇರಲಿ.

ಇವತ್ತು ಮೆಷಿನ್ ತಂದು ಭವನದಲ್ಲಿಟ್ಟರು. ರಾಧಾಮಣಿ ಜೊತೆಗೆ ಬಂದಿದ್ದಳು, ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು. ಕಾಲೋನಿ ಕಾಗದ ಯಾವ ಹೆಸರಿನಲ್ಲಿ ಇಟ್ಟಿದ್ದಳು ಎಂದು ಬೈರಮ್ಮನ ಕಿವಿಯಲ್ಲಿ ಹೇಳಿ ಹೋದಳು. ನನ್ನನ್ನು ದಾಟುವಾಗ ನಾನು ಬಾಗಿಲು ಬಿಟ್ಟು ಸರಿದು ನಿಂತೆ. ಬಾಗಿಲಿಗೆ ಈಗ ಪೊರಕೆಯ ಕೋಲು ಅಗುಳಿ.

ಉಳಿದಿರುವುದು ಒಂದೇ ಮೆಷಿನ್, ಬೈರಮ್ಮ ಸೆರಗಿನಲ್ಲಿ ಅವುಚಿಕೊಂಡಿದ್ದು. ಎತ್ತಿದ ಕಾಗದವನ್ನೆಲ್ಲ ಅದಕ್ಕೇ ತುಂಬಬೇಕು. ಅದಕ್ಕೂ ಅಶ್ವತ್ಥನ ಮೆಷಿನ್ನಿಗೂ ತಂತಿ ಸಿಕ್ಕಿಸುವಾಗ ಅವಳು ಕೇಳಿದಳು, "ಇದ್ರ ಮಾತೇನಿಟ್ಟಿದ್ದೀಯ?"

ಹೇಳಿದೆ. ಅವಳು ನನ್ನ ಮುಖ ನೋಡಿದಳು. ಗೋಡೆಗೆ ತಿರುಗಿ ನಿಂತೆ. ಹಿಂದೆ ಕೀಗಳ ಸದ್ದು, ಒಂದೊಂದೇ, ನಿಧಾನ. ಸಾಕಷ್ಟು ಹೊತ್ತು ಹಿಡಿಯಿತು. ನಡುವೆ ಬಾಯಿ ಹಾಕಬೇಕು ಅನ್ನಿಸಲಿಲ್ಲ, ಬಹುಶಃ ತುಟಿ ನೋಯುತ್ತಿದ್ದುದರಿಂದ.

ಎಷ್ಟು ಕಾಗದ ಸಿಗುತ್ತದೋ ಗೊತ್ತಿಲ್ಲ. ಕೆಲವು ಮನೆಯವರದು ಸಿಗುವುದಿಲ್ಲ. ಯಾರದು ಎಂದು ಭಾನುವಾರ ಎತ್ತುವಾಗಲೇ ತಿಳಿಯುವುದು.

ಮುದಸ್ಸಿರನನ್ನು ಗಜಾಲಾ ಆಟೋದಲ್ಲಿ ಕರೆತರುತ್ತಾಳೆ. ಅಶ್ವತ್ಥನೂ ಬರಬೇಕು, ಬಂದು ಕೈ ಹಿಂದೆ ಕಟ್ಟಿಕೊಂಡು ನಿಲ್ಲಬೇಕು. ಅವನ ಪಕ್ಕದ ಜಾಗ ನನ್ನದು ಅಂದಿದ್ದಾಳೆ ಬೈರಮ್ಮ. ಅವನ ಪಕ್ಕದಲ್ಲಾ, ಎಂದು ಕೇಳಿದೆ. "ಊಂ, ಇಬ್ರೂ ಒಂದೇ ಸಾಲು," ಅಂದಳು.

ಎಲ್ಲರೂ ಸೇರುವುದು: ಜುಲೈ 13, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಅಬ್ಬಿಗೆರೆ ಕಾಲೋನಿ, ಸಮುದಾಯ ಭವನ.